ಒಂದಕ್ಷರವನ್ನೂ ಬರೆಯದ ಲಿಗಿನ್ಸ್ ಸಾಹೇಬರಿಗೆ ಒಂದು ಬಿನ್ನವತ್ತಳೆ

ಮಹಾಶಯರಾದ ಶ್ರೀ ಜೋಸೆಫ್ ಲಿಗಿನ್ಸ್ ಅವರಿಗೆ,

ತಾವು ಇಂಗ್ಲೆಂಡಿನ ವಾರಿಕ್‌ಶೈರ್ ಸೀಮೆಯವರು, ನನೀಟನ್ ಪೇಟೆಯ ಪಕ್ಕದ ಆಟಲ್‌ಬರೊ ಊರಿನವರು. ಬೇಕರಿಯವರ ಮಗ. ಕೇಂಬ್ರಿಜ್‌ಗೆ ಓದಲು ಹೋಗಿ ಬಂದವರು. ಒಂದು ಕಾದಂಬರಿ ಬರೆಯಲಿಲ್ಲ, ಒಂದು ಸಣ್ಣಕತೆ ಬರೆಯಲಿಲ್ಲ. ಆದರೂ ಇಂಗ್ಲಿಷಿನ ಬಹುದೊಡ್ಡ ಕಾದಂಬರಿಕಾರ್ತಿಯೊಬ್ಬರ ಜೀವನಚರಿತ್ರೆಯನ್ನು ಯಾರೇ ಬರೆಯಲಿ, ತಮಗಾಗಿ ಕೆಲವು ಪುಟ ಎತ್ತಿಡಲೇಬೇಕು. ನಮ್ಮ ಕಡೆ ಇಂಥ ಸಾಧಕರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಬಿನ್ನವತ್ತಳೆ ಓದುವ ರೂಢಿಯುಂಟು. ತಾವು ತೀರಿಕೊಂಡು ಶತಮಾನ ದಾಟಿರುವುದರಿಂದ ಶಾಲು, ಪೇಟಗಳನ್ನು ಬಿಟ್ಟು ಬರಿಯ ಓಲೆಯನ್ನು ಕಳಿಸುತ್ತಿದ್ದೇನೆ. ದಯವಿಟ್ಟು ಸ್ವೀಕರಿಸಬೇಕು. ಸ್ವೀಕರಿಸುವುದರಲ್ಲಿ ತಮಗೆ ಸಂಕೋಚವಿಲ್ಲ ಎಂಬುದು ಲೋಕಕ್ಕೆ ಗೊತ್ತಿದೆ.

ನಡೆದದ್ದು ತಮಗೆ ಗೊತ್ತೇ ಇದೆ. ಆದರೆ ಬಹಿರಂಗ ಪತ್ರವನ್ನು ಹೆಸರಿರುವವರಿಗಿಂತ ಹೆಚ್ಚಾಗಿ ಊರಿನವರು ಓದುತ್ತಾರೆ, ಅವರಿಗಾಗಿ ಹೇಳಬೇಕು.

1857ರ ಜನವರಿಯಲ್ಲಿ ಎಡಿನ್‌ಬರೊದ 'ಬ್ಲ್ಯಾಕ್‌ವುಡ್ಸ್' ಮಾಸಪತ್ರಿಕೆಯಲ್ಲಿ ಬಡ ಪಾದ್ರಿಯೊಬ್ಬನ ಕತೆ ಶುರುವಾಯಿತು. ಕರ್ತೃವಿನ ಹೆಸರಿಲ್ಲ. ಸಂಬಳ ಸಾಲದ, ಮಾತು ಬಾರದ, ಮನೆ ತುಂಬ ಮಕ್ಕಳಿರುವ ಏಮಸ್ ಬಾರ್ಟನ್ ಎಂಬ ಪಾದ್ರಿಯ ಪಾಡು ಅದು. ಅದರ ಹಿಂದೆಯೇ ಇನ್ನೆರಡು ಕತೆಗಳು ಬಂದವು. ಮೂರೂ ಸೇರಿ 'ಸೀನ್ಸ್ ಆಫ್ ಕ್ಲೆರಿಕಲ್ ಲೈಫ್' ಎಂಬ ಪುಸ್ತಕವಾಯಿತು. ಲಂಡನ್ನಿನವರಿಗೆ ಅದು ಸಾಹಿತ್ಯ. ನನೀಟನ್ನಿನವರಿಗೆ ಮಾತ್ರ ಅದು ನೆರೆಮನೆಯ ಸುದ್ದಿ. ಕತೆಯ ಮಿಲ್ಬಿ ಅಂದರೆ ನಮ್ಮ ನನೀಟನ್, ಶೆಪರ್ಟನ್ ಅಂದರೆ ಚಿಲ್ವರ್ಸ್ ಕೋಟನ್, ಶೆವರೆಲ್ ಬಂಗಲೆ ಅಂದರೆ ಆರ್ಬರಿಯ ದೊಡ್ಡಮನೆ ಎಂದು ಜನ ಬೆರಳು ಮಡಿಸಿ ಲೆಕ್ಕ ಹಾಕಿದರು. ಯಾವ ಪಾತ್ರ ಯಾರದು ಎಂಬ ಪಟ್ಟಿಗಳು ಕೈಯಿಂದ ಕೈಗೆ ಓಡಾಡಿದವು. ಏಮಸ್ ಬಾರ್ಟನ್ನನ ಮೂಲಪುರುಷರೇ, ಜಾನ್ ಗ್ವೈದರ್ ಎಂಬ ಪಾದ್ರಿ, ಪತ್ರಿಕೆ ಬಿಡಿಸಿದಾಗ ಒಳಗೆ ತಮ್ಮನ್ನೇ ಕಂಡರು. ಹಾಗಾದರೆ ಬರೆದವನು ಯಾರು?

ಊರು ತರ್ಕ ಹೂಡಿತು. ಬರೆದವನಿಗೆ ಊರಿನ ಒಳಗುಟ್ಟುಗಳೆಲ್ಲ ಗೊತ್ತು, ಆದ್ದರಿಂದ ಊರಿನವನು. ಚರ್ಚಿನ ವಿಚಾರ ಬಲ್ಲ, ಆದ್ದರಿಂದ ಪಾದ್ರಿ ಅಥವಾ ಪಾದ್ರಿಯಾಗಲು ಹೊರಟಿದ್ದವನು. ಗ್ರೀಕ್, ಲ್ಯಾಟಿನ್ ಗೊತ್ತು, ಆದ್ದರಿಂದ ವಿಶ್ವವಿದ್ಯಾಲಯ ಮೆಟ್ಟಿದವನು. ಬಡತನ ಬಲ್ಲ, ಆದ್ದರಿಂದ ಬಡವ. ಗಂಡಸು ಎಂಬುದನ್ನು ಯಾರೂ ತರ್ಕಿಸಲಿಲ್ಲ, ಅದು ಲೆಕ್ಕಕ್ಕೆ ಮುಂಚೆಯೇ ಸಿದ್ಧವಿದ್ದ ಉತ್ತರ. ಇಷ್ಟೂ ಗುಣಗಳನ್ನು ಒಬ್ಬನೇ ಮನುಷ್ಯನಲ್ಲಿ ಹುಡುಕಿದರೆ ಸುತ್ತ ಹತ್ತು ಮೈಲಿಯಲ್ಲಿ ಸಿಗುತ್ತಿದ್ದವರು ತಾವೊಬ್ಬರೇ. 1857ರ ಬೇಸಿಗೆಯಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪತ್ರಿಕೆಯೊಂದು ತಮ್ಮನ್ನು ಕರ್ತೃವೆಂದು ಸಾರಿಯೇಬಿಟ್ಟಿತು. ಹೆಸರನ್ನು 'ಲಿಗರ್ಸ್' ಎಂದು ತಪ್ಪಾಗಿ ಅಚ್ಚು ಹಾಕಿತು ನಿಜ. ಬೇರೆಯವರ ಪುಸ್ತಕವನ್ನು ತಮ್ಮ ತಲೆಗೆ ಕಟ್ಟುವವರು ತಮ್ಮ ಹೆಸರನ್ನಾದರೂ ಸರಿಯಾಗಿ ಬರೆಯಬಹುದಿತ್ತು.

ಇಲ್ಲಿ ತಮ್ಮ ಪ್ರತಿಭೆಯನ್ನು ಕೊಂಡಾಡಬೇಕು. ತಾವು 'ಹೌದು, ನಾನೇ' ಎಂದು ಊರೆಲ್ಲ ಡಂಗುರ ಹೊಡೆದವರಲ್ಲ. 'ಅಲ್ಲ' ಎನ್ನಲಿಲ್ಲ, ಅಷ್ಟೇ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಆಟಲ್‌ಬರೊದಲ್ಲೂ ನಡೆಯುತ್ತಿತ್ತು ಅಂತ ಕಾಣುತ್ತದೆ. ಆ ಭಾಗದ ಕೆಲವು ಪಾದ್ರಿಗಳು ಮಹಾಲೇಖಕರ ದರ್ಶನಕ್ಕೆಂದು ತಂಡ ಕಟ್ಟಿಕೊಂಡು ತಮ್ಮ ಮನೆಗೆ ಬಂದರಲ್ಲ, ಆಗ ತಾವು ಹೊರಗೆ ಪಂಪಿನ ಬಳಿ ನಿಂತು ಚಹಾದ ಗಸಿ ಚೆಲ್ಲುವ ಬೋಗುಣಿ ತೊಳೆಯುತ್ತಿದ್ದಿರಂತೆ. ಆಳುಕಾಳಿಲ್ಲ, ಎಲ್ಲ ಕೆಲಸವೂ ಸ್ವಂತದ್ದು. ಬಂದವರ ಕಣ್ಣು ತೇವವಾಯಿತು. ಇಡೀ ದೇಶ ಓದುತ್ತಿರುವ ಪುಸ್ತಕ ಬರೆದ ಕೈಗಳು ಬೋಗುಣಿ ತೊಳೆಯುತ್ತಿವೆ! ಪುಸ್ತಕದಿಂದ ಬಂದದ್ದೇನು ಎಂದು ಕೇಳಿದ್ದಕ್ಕೆ, ಏನೂ ಇಲ್ಲ, ಪ್ರಕಾಶಕ ಬ್ಲ್ಯಾಕ್‌ವುಡ್‌ಗೆ ಧರ್ಮಾರ್ಥವಾಗಿ ಕೊಟ್ಟಿದ್ದೇನೆ ಎಂಬರ್ಥದ ಉತ್ತರ ಅವರಿಗೆ ಸಿಕ್ಕಿತು. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ ಎಂದು ನಮ್ಮವರು ಹೇಳುವುದು ಇಂಥದ್ದಕ್ಕೇ. ವ್ಯತ್ಯಾಸವೆಂದರೆ ಇಲ್ಲಿ ಅಳಿಯನಿಗೆ ಅತ್ತೆಯ ಪರಿಚಯವೇ ಇರಲಿಲ್ಲ.

ಅತ್ತೆಗೆ ಮಾತ್ರ ಅಳಿಯನ ಪರಿಚಯವಿತ್ತು. ಹುಡುಗಿಯಾಗಿದ್ದಾಗ ತಮ್ಮನ್ನು ಕಂಡದ್ದು ಆಕೆಗೆ ನೆನಪಿತ್ತು: ಎತ್ತರದ ಆಳು, ಕರಿ ಕೋಟು, ಪಾದ್ರಿಯಾಗಲಿರುವ ಯುವಕನ ಗತ್ತು. ಮಲಅಕ್ಕ ಫ್ಯಾನಿ ಆಕೆಗೆ ಕಾಗದ ಬರೆದು, ಈ ಕತೆಗಳ ಕರ್ತೃ ಲಿಗಿನ್ಸ್ ಅಂತೆ ಎಂದು ಊರಿನ ಸುದ್ದಿ ತಿಳಿಸಿದಾಗ, ಆಕೆ ಗಂಭೀರವಾಗಿ ಉತ್ತರಿಸಿದರು: ಲಿಗಿನ್ಸ್ ಎಂಬ ಸುದ್ದಿ ತಪ್ಪು, ಆ ಕತೆಗಳು ನಮಗೂ ಹಿಡಿಸಿವೆ, ಕರ್ತೃ ಯಾರೋ ಎಲಿಯಟ್ ಎಂಬವರಂತೆ, ಪಾದ್ರಿಯೇ ಇರಬೇಕು. ತಮ್ಮ ಹೆಸರನ್ನು ಹೊಡೆದು ಹಾಕಿದವರು ಆಕೆ. ತನ್ನ ಹೆಸರನ್ನು ಮುಚ್ಚಿಟ್ಟವರೂ ಆಕೆ, ಅದೂ ಅದೇ ಕಾಗದದಲ್ಲಿ.

ಆಕೆ ಮೇರಿ ಆನ್ ಇವಾನ್ಸ್. 1819ರಲ್ಲಿ ಆರ್ಬರಿ ಜಮೀನಿನಲ್ಲಿ ಹುಟ್ಟಿದವರು. ತಂದೆ ರಾಬರ್ಟ್ ಇವಾನ್ಸ್ ಆ ಜಮೀನಿನ ಉಸ್ತುವಾರಿ. ದೊಡ್ಡಮನೆಯ ಪುಸ್ತಕಗಳನ್ನು ಓದುತ್ತ, ರೈತರ ಮನೆಗಳಿಗೆ ತಂದೆಯ ಜೊತೆ ಗಾಡಿಯಲ್ಲಿ ಹೋಗುತ್ತ ಬೆಳೆದ ಹುಡುಗಿ. ನಿಮ್ಮ ಊರು ತಲೆ ಕೆಡಿಸಿಕೊಂಡು ಹುಡುಕಿದ ಗುಣಗಳೆಲ್ಲ, ಒಳಗುಟ್ಟು, ಗ್ರೀಕು, ಚರ್ಚು ಎಲ್ಲವೂ, ಆಕೆಯಲ್ಲಿದ್ದವು. ಕೊನೆಯ ಒಂದೇ ಒಂದು ಅರ್ಹತೆ, ಯಾರೂ ಕೇಳದೆ ತಮಗೆ ಕೊಟ್ಟಿದ್ದು, ಆಕೆಗೆ ಇರಲಿಲ್ಲ.

ಹೆಸರಿಲ್ಲದೆ ದುಡಿಯುವುದು ಆಕೆಗೆ ಹೊಸದಲ್ಲ, ಸ್ವಾಮಿ. ಜರ್ಮನ್ ವಿದ್ವಾಂಸ ಡೇವಿಡ್ ಸ್ಟ್ರೌಸ್‌ರ ಯೇಸು ಚರಿತ್ರೆಯನ್ನು ಸುಮಾರು ಎರಡು ವರ್ಷ ಒದ್ದಾಡಿ ಇಂಗ್ಲಿಷಿಗೆ ತಂದರು. 1846ರಲ್ಲಿ ಅಚ್ಚಾದಾಗ ಅನುವಾದಕಿಯ ಹೆಸರಿಲ್ಲ. ಕೈಗೆ ಸಿಕ್ಕಿದ್ದು 20 ಪೌಂಡು. ಲಂಡನ್ನಿಗೆ ಹೋಗಿ ಸ್ಟ್ರಾಂಡ್ ರಸ್ತೆಯ 142ನೇ ನಂಬರಿನ ಮನೆಯಲ್ಲಿ ಕೂತು 'ವೆಸ್ಟ್‌ಮಿನ್‌ಸ್ಟರ್ ರಿವ್ಯೂ' ಪತ್ರಿಕೆಯನ್ನು ನಡೆಸಿದರು. ಲೇಖಕರನ್ನು ಹಿಡಿದು ತರುವುದು, ಬರಹ ತಿದ್ದುವುದು, ಕರಡು ನೋಡುವುದು ಈಕೆ. ಸಂಪಾದಕರೆಂದು ಹೆಸರಾದವರು ಮಾಲೀಕ ಜಾನ್ ಚಾಪ್ಮನ್. ಈ ಒಂದು ವಿಷಯದಲ್ಲಿ ಚಾಪ್ಮನ್ನರಿಗೂ ತಮಗೂ ಹೋಲಿಕೆ ಕಂಡರೆ ತಪ್ಪಿಲ್ಲ. ಆದರೆ ಅವರು ಆಕೆಗೆ ತಂಗಲು ಒಂದು ಕೋಣೆಯನ್ನಾದರೂ ಕೊಟ್ಟಿದ್ದರು.

ನಮ್ಮ ಕನ್ನಡದಲ್ಲಿ ಕಾವ್ಯನಾಮ ಅಂದರೆ ಮುಡಿಗೆ ಸಿಕ್ಕಿಸುವ ಹೂವು. ಒಳಗಿನ ಮುಖ ಯಾರದೆಂದು ಎಲ್ಲರಿಗೂ ಗೊತ್ತಿರುತ್ತದೆ. ಈಕೆಗೆ ಬೇಕಾಗಿದ್ದುದು ಹೂವಲ್ಲ, ಬಾಗಿಲ ಚಿಲಕ. 1854ರ ಜುಲೈನಲ್ಲಿ ಆಕೆ ವಿಮರ್ಶಕ ಜಾರ್ಜ್ ಹೆನ್ರಿ ಲೂಯಿಸ್ ಜೊತೆ ಜರ್ಮನಿಗೆ ಹೊರಟುಹೋದರು. ಲೂಯಿಸ್‌ಗೆ ಮದುವೆಯಾಗಿತ್ತು. ಹೆಂಡತಿ ಆಗ್ನೆಸ್‌ಗೆ ಲೂಯಿಸರ ಗೆಳೆಯ ಥಾರ್ನ್‌ಟನ್ ಹಂಟ್‌ನಿಂದ ಮಗು ಹುಟ್ಟಿದಾಗ, ಲೂಯಿಸ್ ಅದಕ್ಕೆ ತಮ್ಮ ಹೆಸರನ್ನೇ ಕೊಟ್ಟು ಉದಾರತೆ ತೋರಿದ್ದರು. ಆ ಕಾಲದ ಕಾನೂನಿನ ಕಣ್ಣಲ್ಲಿ ಇದು ಹೆಂಡತಿಯ ತಪ್ಪನ್ನು ಒಪ್ಪಿಕೊಂಡಂತೆ, ಒಪ್ಪಿಕೊಂಡವನಿಗೆ ವಿಚ್ಛೇದನವಿಲ್ಲ. ಹಾಗಾಗಿ ಮರಿಯನ್ (ಮೇರಿ ಆನ್ ಆಗ ಬಳಸುತ್ತಿದ್ದ ಹೆಸರು) ಮತ್ತು ಲೂಯಿಸ್ ಮದುವೆಯಿಲ್ಲದೆ ಇಪ್ಪತ್ನಾಲ್ಕು ವರ್ಷ ಸಂಸಾರ ಮಾಡಿದರು. ಲಂಡನ್ನಿನ ಮರ್ಯಾದಸ್ಥ ಹೆಂಗಸರು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. 1857ರಲ್ಲಿ ಆಕೆ ಅಣ್ಣ ಐಸಾಕ್‌ಗೆ ವಿಷಯ ತಿಳಿಸಿದಾಗ ಉತ್ತರ ಬಂದದ್ದು ವಕೀಲರ ಮೂಲಕ. ಅಕ್ಕಂದಿರೂ ಕಾಗದ ನಿಲ್ಲಿಸಬೇಕಾಯಿತು. ನನೀಟನ್ನಿನಲ್ಲಿ ತಮ್ಮ ಕೀರ್ತಿ ಏರತೊಡಗಿದ್ದ ಹೊತ್ತಿಗೇ ಆಕೆಗೆ ಅದೇ ಸೀಮೆಯ ಬಾಗಿಲುಗಳು ಮುಚ್ಚಿಕೊಂಡವು. ಆ ಕತೆಗಳನ್ನು ಬರೆದವಳು ಇವಳು ಎಂದಿದ್ದರೆ, ಪಾದ್ರಿಗಳು ತಂಡ ಕಟ್ಟಿಕೊಂಡು ಬರುವುದಿರಲಿ, ಪುಸ್ತಕವನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರೇ?

ಆಕೆ ಬರೆಯಲು ಕೂತದ್ದು ಹೇಗೆ ಗೊತ್ತೇ? ಲೇಖಕಿಯರು ಬರೆಯುವ ಪೊಳ್ಳು ಕಾದಂಬರಿಗಳನ್ನು ಗೇಲಿ ಮಾಡುವ ಒಂದು ಉದ್ದನೆಯ ಲೇಖನವನ್ನು, ಅದನ್ನೂ ಹೆಸರು ಹಾಕದೆ, ಮುಗಿಸಿ ಹೆಚ್ಚು ದಿನವಾಗಿರಲಿಲ್ಲ. ವಯಸ್ಸು ಮೂವತ್ತಾರು ಮುಗಿಯುತ್ತ ಬಂದಿತ್ತು. ರಿಚ್ಮಂಡ್‌ನ ಬಾಡಿಗೆ ಮನೆಯಲ್ಲಿ ಇಬ್ಬರಿಗೂ ಬರೆಯಲು ಒಂದೇ ಕೋಣೆ. ಆಚೆ ಲೂಯಿಸರ ಲೇಖನಿ ಕಾಗದದ ಮೇಲೆ ಕಿರಗುಟ್ಟುವ ಸದ್ದಿಗೆ ಹುಚ್ಚು ಹಿಡಿದಂತಾಗುತ್ತಿತ್ತು ಎಂದು ಆಕೆ ಆಮೇಲೆ ನೆನೆಸಿಕೊಂಡರು. ಆ ಸದ್ದಿನ ನಡುವೆಯೇ ಏಮಸ್ ಬಾರ್ಟನ್ ಹುಟ್ಟಿದ. 1856ರ ನವೆಂಬರಿನಲ್ಲಿ ಲೂಯಿಸ್ ಅದನ್ನು ಪ್ರಕಾಶಕ ಜಾನ್ ಬ್ಲ್ಯಾಕ್‌ವುಡ್‌ಗೆ ಕಳಿಸಿ, ನನ್ನ ಗೆಳೆಯರೊಬ್ಬರದು, ಬಹಳ ಸಂಕೋಚದ ಮನುಷ್ಯ ಎಂದರು. 50 ಗಿನಿ ಬಂತು. ಹೆಸರೇ ಇಲ್ಲದ ಲೇಖಕನನ್ನು ಏನೆಂದು ಕರೆಯುವುದು? ಬ್ಲ್ಯಾಕ್‌ವುಡ್ ಕತೆಯ ನಾಯಕನ ಹೆಸರನ್ನೇ ಹಿಡಿದು 'ಪ್ರಿಯ ಏಮಸ್' ಎಂದು ಕಾಗದ ಬರೆದರು. 1857ರ ಫೆಬ್ರವರಿಯಲ್ಲಿ ಆಕೆ ಒಂದು ಹೆಸರು ಕೊಟ್ಟರು. ಜಾರ್ಜ್ ಎಂಬುದು ಲೂಯಿಸರ ಹೆಸರು. ಎಲಿಯಟ್ ಎಂಬುದು ಬಾಯ್ತುಂಬ ಬರುವ, ಉಚ್ಚರಿಸಲು ಸುಲಭದ ಹೆಸರು. ಆಯ್ಕೆಯ ಹಿಂದೆ ಇಷ್ಟೇ ಕಾರಣ.

ಮುಂದೆ ವರ್ಷ ಕಳೆದು ಬ್ಲ್ಯಾಕ್‌ವುಡ್ ರಿಚ್ಮಂಡ್‌ನ ಆ ಮನೆಗೆ ಬಂದರು. ಈ ಸಲವಾದರೂ ಜಾರ್ಜ್ ಎಲಿಯಟ್ ದರ್ಶನವಾದೀತೇ ಎಂದು ಕೇಳಿದರು. ಚಹಾ ಕೊಟ್ಟ ಹೆಂಗಸು ಎದುರಿಗೇ ಇದ್ದರು. ಲೂಯಿಸ್ ಕೋಣೆಯಿಂದ ಎದ್ದು ಹೊರಗೆ ಹೋದರು. ಆಕೆಯೂ ಹಿಂಬಾಲಿಸಿ ಹೋಗಿ, ಹೇಳಬಹುದು ಎಂದು ಒಪ್ಪಿಗೆ ಕೊಟ್ಟರು. ಬ್ಲ್ಯಾಕ್‌ವುಡ್ ಸಜ್ಜನ ಮನುಷ್ಯ. ಅಲ್ಲಿಂದ ಹೋದ ಮೇಲೂ ಬಾಯಿ ಬಿಡಲಿಲ್ಲ. ಅವರಂತೆಯೇ ತಾವೂ ಬಾಯಿ ಬಿಡಲಿಲ್ಲ. ಒಬ್ಬರಿಗೆ ನಿಜ ಗೊತ್ತಿತ್ತು, ಒಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ ಅಂತರ.

ಸಾಹಿತ್ಯ ಬಲ್ಲವರ ಊಹೆಗಳು ನಿಮ್ಮ ಊರಿನವರಿಗಿಂತ ಹೆಚ್ಚು ಚೆನ್ನಾಗಿದ್ದವು ಎಂದುಕೊಳ್ಳಬೇಡಿ. ಚಾರ್ಲ್ಸ್ ಡಿಕನ್ಸ್ ಒಬ್ಬರು ಹೊರತು. ಪುಸ್ತಕ ಓದಿದ ಅವರು, ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದರೆ ಇದನ್ನು ಹೆಂಗಸೇ ಬರೆದಿದ್ದಾರೆ ಎನ್ನುತ್ತಿದ್ದೆ ಎಂದು ಕರ್ತೃವಿಗೇ ಕಾಗದ ಹಾಕಿದರು. ಅದೇ ಪುಸ್ತಕ ಓದಿದ ಜೇನ್ ಕಾರ್ಲೈಲ್, ಅಷ್ಟು ಸೂಕ್ಷ್ಮ ಬುದ್ಧಿಯ ಹೆಂಗಸು, ಚಿತ್ರಿಸಿಕೊಂಡದ್ದು ಯಾರನ್ನು? ನಡುವಯಸ್ಸಿನ ಗಂಡಸು. ಅವನಿಗೊಬ್ಬ ಹೆಂಡತಿ, ಪುಸ್ತಕದಲ್ಲಿರುವ ಹೆಣ್ಣಿನ ನಯವೆಲ್ಲ ಅವಳಿಂದ ಬಂದದ್ದು. ಮನೆ ತುಂಬ ಮಕ್ಕಳು. ಜೊತೆಗೊಂದು ನಾಯಿ. ಹೆಂಗಸು ಬರೆದಳು ಎನ್ನುವುದಕ್ಕಿಂತ, ಗಂಡಸು ಬರೆದ, ಹೆಂಡತಿ ಪಕ್ಕದಿಂದ ಹೇಳಿಕೊಟ್ಟಳು ಎನ್ನುವುದು ಇನ್ನೊಬ್ಬ ಹೆಂಗಸಿಗೇ ಸುಲಭವಾಯಿತು. ತಮಗೆ ಹೆಂಡತಿಯೂ ನಾಯಿಯೂ ಇದ್ದಿದ್ದರೆ ಲಂಡನ್ನೂ ತಮ್ಮ ಕೈಸೇರುತ್ತಿತ್ತೇನೋ.

1859ರ ಫೆಬ್ರವರಿಯಲ್ಲಿ 'ಆಡಮ್ ಬೀಡ್' ಬಂತು. ಬಡಗಿಯೊಬ್ಬನ ಕತೆ, ಆಕೆಯ ತಂದೆಯೂ ಮೊದಲು ಬಡಗಿಯೇ. ದೇಶವೇ ಮುಗಿಬಿದ್ದು ಓದಿತು. ನಾಲ್ಕು ವರ್ಷದ ಹಕ್ಕಿಗೆ 800 ಪೌಂಡು ಕೊಟ್ಟಿದ್ದ ಬ್ಲ್ಯಾಕ್‌ವುಡ್, ಮಾರಾಟ ಕಂಡು ತಾವಾಗಿಯೇ ಇನ್ನಷ್ಟು ಸೇರಿಸಿ ಕೊಟ್ಟರು. ವಿಕ್ಟೋರಿಯಾ ರಾಣಿ ಎಷ್ಟು ಮೆಚ್ಚಿದರೆಂದರೆ ಅದರ ಎರಡು ದೃಶ್ಯಗಳನ್ನು ಚಿತ್ರಕಾರ ಕಾರ್ಬೌಲ್ಡ್‌ರಿಂದ ಬರೆಸಿ ಇಟ್ಟುಕೊಂಡರು. ಪುಸ್ತಕ ದೊಡ್ಡದಾದಂತೆ ತಾವೂ ದೊಡ್ಡವರಾದಿರಿ. ಏಪ್ರಿಲ್ 15ರಂದು ಆಂಡರ್ಸ್ ಎಂಬ ಪಾದ್ರಿಯೊಬ್ಬರು 'ಟೈಮ್ಸ್' ಪತ್ರಿಕೆಗೆ ಬರೆದು, ಎರಡೂ ಪುಸ್ತಕಗಳ ಕರ್ತೃ ನನೀಟನ್ನಿನ ಶ್ರೀ ಜೋಸೆಫ್ ಲಿಗಿನ್ಸ್ ಎಂದು ಇಡೀ ದೇಶಕ್ಕೆ ತಿಳಿಸಿದರು. ಮರುದಿನವೇ ಉತ್ತರ ಬಂತು, ಜಾರ್ಜ್ ಎಲಿಯಟ್ ಸಹಿಯೊಂದಿಗೆ. ಪುಸ್ತಕ ಪ್ರಕಟಿಸಿದ ಮಾತ್ರಕ್ಕೆ, ಸಭ್ಯ ಗಂಡಸರು ಒಬ್ಬರಿಗೊಬ್ಬರು ತೋರುವ ಸೌಜನ್ಯವನ್ನು ಲೇಖಕ ಕಳೆದುಕೊಳ್ಳುತ್ತಾನೆಯೇ ಎಂದು ಅದು ಸಿಡಿಮಿಡಿಗೊಂಡು ಕೇಳಿತು. ಓದಿ ನೋಡಿ, ಆ ಕೋಪ ಪೂರ್ತಿ ಗಂಡಸಿನ ಧಾಟಿಯದು. ಕೋಪ ಮಾತ್ರ ಹೆಂಗಸಿನದೇ.

ತಮಗಾಗಿ ಚಂದಾ ಎತ್ತುವುದು ಶುರುವಾಯಿತು. ವಾರಿಕ್‌ಶೈರಿನ ಮ್ಯಾಜಿಸ್ಟ್ರೇಟ್ ಚಾರ್ಲ್ಸ್ ಬ್ರೇಸ್‌ಬ್ರಿಜ್, ಫ್ಲಾರೆನ್ಸ್ ನೈಟಿಂಗೇಲರ ಜೊತೆ ಓಡಾಡಿದ ದೊಡ್ಡ ಮನುಷ್ಯರು, ತಮ್ಮ ಪರವಾಗಿ ಕಂಕಣ ಕಟ್ಟಿ ನಿಂತರು. ಪ್ರಕಾಶಕ ತಮಗೆ ಮೋಸ ಮಾಡುತ್ತಿದ್ದಾನೆಂದು ಸಜ್ಜನರು ಹಲುಬಿದರು. ತಾವು ಅಂಗೈಯಗಲದ ಒಂದು ಪುಟವನ್ನಾದರೂ ಬರೆದು ತೋರಿಸಿ ಎಂದು ಕೇಳಿದವರಿಗಿಂತ, ತಮ್ಮ ಬಡತನ ಕಂಡು ನಂಬಿದವರೇ ಹೆಚ್ಚು. ಎಲಿಜಬೆತ್ ಗ್ಯಾಸ್ಕೆಲ್‌ರಂಥ ಕಾದಂಬರಿಕಾರ್ತಿ ಕೂಡ ಸ್ವಲ್ಪ ಕಾಲ ತಮ್ಮನ್ನೇ ನಂಬಿದ್ದರು. ನಿಜ ತಿಳಿದ ಮೇಲೆ ಗ್ಯಾಸ್ಕೆಲ್ ಮರಿಯನ್‌ಗೆ ಬಾಯ್ತುಂಬ ಹೊಗಳಿ ಕಾಗದ ಬರೆದರು; ಕೊನೆಯಲ್ಲಿ, ತಾವು ನಿಜವಾಗಿ ಶ್ರೀಮತಿ ಲೂಯಿಸ್ ಆಗಿದ್ದಿದ್ದರೆ ಚೆನ್ನಾಗಿತ್ತು ಎಂಬ ಒಂದು ಮಾತನ್ನೂ ಸೇರಿಸದೆ ಇರಲಾಗಲಿಲ್ಲ. ಬೋಗುಣಿ ತೊಳೆಯುತ್ತಿದ್ದ ತಮಗೆ ಯಾರೂ ಮದುವೆಯ ಸರ್ಟಿಫಿಕೇಟು ಕೇಳಿರಲಿಲ್ಲ.

ಬಾರ್ಬರಾ ಬೋಡಿಶಾನ್ ಎಂಬ ಗೆಳತಿಯ ಮಾತು ಬೇರೆ. ಆಕೆ ದೂರದ ಅಲ್ಜೀರಿಯಾದಲ್ಲಿ ಕೂತು, ವಿಮರ್ಶೆಯೊಂದರಲ್ಲಿ ಉದ್ಧರಿಸಿದ್ದ 'ಆಡಮ್ ಬೀಡ್'ನ ತುಣುಕುಗಳನ್ನಷ್ಟೇ ಓದಿ, ಇದು ನೀನೇ ಎಂದು ಬರೆದು ಕಳಿಸಿದರು. ಇಂಥ ಓದುಗರು ಪ್ರತಿ ಲೇಖಕರಿಗೂ ಒಬ್ಬರು ಸಿಕ್ಕಿದರೆ ಪುಣ್ಯ.

ಕೊನೆಗೆ 1859ರ ಜೂನ್ ಕಳೆಯುವಷ್ಟರಲ್ಲಿ ಗುಟ್ಟು ಹೊರಬಿತ್ತು. ಅದನ್ನು ಹೊರಗೆಳೆದ ಶ್ರೇಯಸ್ಸು ಪೂರ್ತಿ ತಮ್ಮದು. ತಾವು ಇರದಿದ್ದರೆ ಆಕೆ ಇನ್ನೆಷ್ಟು ವರ್ಷ ಚಿಲಕ ಹಾಕಿಕೊಂಡು ಕೂತಿರುತ್ತಿದ್ದರೋ. ಬಡವನೆಂದು ಜನ ಚಂದಾ ಕೊಡುತ್ತಿರುವುದು ಸುಳ್ಳಿಗೆ ಎಂಬುದು ಆಕೆಯನ್ನು ಕೊರೆಯಿತು. ಹಳೆಯ ಕಾವೆಂಟ್ರಿ ಗೆಳೆಯರಾದ ಬ್ರೇ ದಂಪತಿಗಳಿಗೂ ಸಾರಾ ಹೆನ್ನೆಲ್‌ಗೂ ಮೊದಲು ನಿಜ ಹೇಳಿದರು. ಕೂಡಲೇ 'ಅಥೀನಿಯಮ್' ವಾರಪತ್ರಿಕೆ ಜುಲೈ 2ರ ಸಂಚಿಕೆಯಲ್ಲಿ ಒಂದು ವಿಷದ ಸೂಜಿ ಚುಚ್ಚಿತು: ಬರೆದವಳು ಯಾರೋ ಗಟ್ಟಿ ತಲೆಯ ಹೆಂಗಸಂತೆ, ಲಿಗಿನ್ಸ್ ಎಂಬುದೆಲ್ಲ ಪುಸ್ತಕ ಮಾರಲು ಹೂಡಿದ ಆಟವಂತೆ. ತಮ್ಮ ಇಡೀ ಸಾರ್ವಜನಿಕ ಜೀವನದಲ್ಲಿ ತಮಗೆ ಅನ್ಯಾಯವಾದದ್ದು ಅದೊಂದೇ ಸಲ ಎನ್ನಬೇಕು. ನಿಜವಾದ ಮನುಷ್ಯನಾದ ತಮ್ಮನ್ನು ಒಂದು ಜಾಹೀರಾತೆಂದು ಕರೆದುಬಿಟ್ಟರು.

ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಬಂತೆಂದರೆ ತಮ್ಮಂಥವರ ಸಂಖ್ಯೆ ಹೆಚ್ಚುವುದು ಸಹಜ. ಅದೇ ವರ್ಷ ನ್ಯೂಬಿ ಎಂಬ ಲಂಡನ್ ಪ್ರಕಾಶಕ 'ಆಡಮ್ ಬೀಡ್, ಜೂನಿಯರ್' ಎಂಬ ಮುಂದುವರಿದ ಭಾಗವನ್ನು ಜಾಹೀರಾತು ಮಾಡಿದ. ಈ ನ್ಯೂಬಿ ಪಳಗಿದ ಕೈ. ಹನ್ನೊಂದು ವರ್ಷ ಮುಂಚೆ ಬ್ರಾಂಟಿ ಸೋದರಿಯರಲ್ಲಿ ಒಬ್ಬರ ಕಾದಂಬರಿಯನ್ನು ಹೆಚ್ಚು ಹೆಸರಿದ್ದ ಇನ್ನೊಬ್ಬರದೆಂದು ಮಾರಲು ಹೋಗಿದ್ದವನೂ ಇವನೇ. ಆಗ ಷಾರ್ಲಟ್ ಮತ್ತು ಆ್ಯನ್ ಹಳ್ಳಿಯಿಂದ ಲಂಡನ್ನಿಗೆ ಓಡಿಬಂದು, ನಾವು ಒಬ್ಬರಲ್ಲ, ಇಬ್ಬರು ಎಂದು ತೋರಿಸಬೇಕಾಯಿತು. ಇವರೂ ಗಂಡುಹೆಸರಿನ ಮರೆಯಲ್ಲಿ ಬರೆದವರೇ. ಕ್ರಮವಾಗಿ ನೋಡಿದರೆ, ಇಂಗ್ಲಿಷ್ ಕಾದಂಬರಿಯ ಒಂದು ಒಳ್ಳೆಯ ಪಾಲು ಆ ದಿನಗಳಲ್ಲಿ ಹುಟ್ಟದೇ ಇದ್ದ ಗಂಡಸರಿಂದ ಬರೆಯಲ್ಪಟ್ಟಿತು. ಹುಟ್ಟಿದ್ದ ತಾವು ಮಾತ್ರ ಬರೆಯಲಿಲ್ಲ.

ಗುಟ್ಟು ರಟ್ಟಾದ ಮೇಲೆ ಬ್ಲ್ಯಾಕ್‌ವುಡ್‌ಗೂ ಅಳುಕು. ಮುಂದಿನ ಕಾದಂಬರಿ 'ದಿ ಮಿಲ್ ಆನ್ ದಿ ಫ್ಲಾಸ್' ಮೇಲೆ ಆ ಹೆಸರು ಹಾಕಬೇಕೇ, ಬೇಡವೇ, ಮನೆಮನೆಗಳಲ್ಲಿ ಓದುವ ಪುಸ್ತಕ ಅಲ್ಲವೇ ಎಂದು ಚರ್ಚೆ ನಡೆಯಿತು. ಆಕೆಗೂ ಅವರಿಗೂ ಮನಸ್ತಾಪ ಬೆಳೆಯಿತು, ಬೇರೆ ಪ್ರಕಾಶಕರು ಹೊಂಚುತ್ತಿದ್ದರು. ಕೊನೆಗೆ 2,000 ಪೌಂಡಿಗೆ ಮಾತು ಕುದುರಿ, 1860ರ ಏಪ್ರಿಲ್‌ನಲ್ಲಿ ಪುಸ್ತಕ ಬಂದಾಗ ಮುಖಪುಟದಲ್ಲಿ ಜಾರ್ಜ್ ಎಲಿಯಟ್ ಎಂದೇ ಇತ್ತು. ತಂಗಿಯನ್ನು ಮನೆಯಿಂದ ಹೊರಗಟ್ಟುವ ಅಣ್ಣನ ಕತೆ ಅದು. ಐಸಾಕ್ ಓದಿದ್ದರೆ ಹೇಗನಿಸಿತ್ತೋ. ಜನ ಬಹಿಷ್ಕರಿಸಲಿಲ್ಲ, ಕೊಂಡರು. ಮನೆಗೆ ಕರೆಯದವಳ ಪುಸ್ತಕವನ್ನು ಮನೆಗೆ ತಂದುಕೊಳ್ಳುವುದು ಅವರಿಗೆ ಕಷ್ಟವಾಗಲಿಲ್ಲ.

ಅಲ್ಲಿಂದ ಮುಂದಿನದನ್ನು ಬೇಗ ಹೇಳುತ್ತೇನೆ, ಅದರಲ್ಲಿ ತಮ್ಮ ಪಾತ್ರ ಕಡಿಮೆ. 1861ರಲ್ಲಿ 'ಸೈಲಸ್ ಮಾರ್ನರ್'. ಆಮೇಲೆ 'ರೊಮೋಲ'ಕ್ಕೆ ಜಾರ್ಜ್ ಸ್ಮಿತ್ ಎಂಬ ಪ್ರಕಾಶಕ 10,000 ಪೌಂಡು ಎಂದಾಗ, ಅವರು ಕೇಳಿದಷ್ಟು ಸಣ್ಣ ತುಂಡುಗಳಾಗಿ ಕತೆಯನ್ನು ಕತ್ತರಿಸಲಾರೆ ಎಂದು ಆಕೆ 7,000ಕ್ಕೆ ಇಳಿದರು. 'ಮಿಡಲ್‌ಮಾರ್ಚ್' 1871ರ ಡಿಸೆಂಬರಿನಿಂದ ಒಂದು ವರ್ಷ ಎಂಟು ಭಾಗಗಳಲ್ಲಿ ಬಂತು. ಈ ಹಣದಲ್ಲಿ ಲೂಯಿಸರ ಗಂಡುಮಕ್ಕಳು ಓದಿದರು, ಅವರ ತಾಯಿ ಆಗ್ನೆಸ್ ಉಂಡರು. ಭಾನುವಾರ ಮಧ್ಯಾಹ್ನಗಳಲ್ಲಿ 'ಪ್ರಯರಿ' ಎಂಬ ಆಕೆಯ ಮನೆಗೆ ಲಂಡನ್ನಿನ ವಿದ್ವಾಂಸರು ಬಂದು ಸುತ್ತ ಕೂರುತ್ತಿದ್ದರು. ಬಹಳ ಕಾಲ ಹೆಂಡತಿಯರನ್ನು ಮಾತ್ರ ಮನೆಯಲ್ಲೇ ಬಿಟ್ಟು ಬರುತ್ತಿದ್ದರು.

1878ರಲ್ಲಿ ಲೂಯಿಸ್ ತೀರಿಕೊಂಡರು. 1880ರ ಮೇ 6ರಂದು, ಅರವತ್ತರ ವಯಸ್ಸಿನಲ್ಲಿ, ತನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಜಾನ್ ಕ್ರಾಸ್ ಅವರನ್ನು ಆಕೆ ಚರ್ಚಿನಲ್ಲಿ ಮದುವೆಯಾದರು. ಆಗ ಅಣ್ಣ ಐಸಾಕ್‌ರ ಕಾಗದ ಬಂತು, ಅಭಿನಂದನೆ ಹೊತ್ತು, ಇಪ್ಪತ್ಮೂರು ವರ್ಷದ ಮೇಲೆ. 'ಮಿಡಲ್‌ಮಾರ್ಚ್' ಮಾಡಲಾಗದ ಕೆಲಸವನ್ನು ಚರ್ಚಿನ ರಿಜಿಸ್ಟರಿನ ಒಂದು ಸಾಲು ಮಾಡಿತು. ಆ ವರ್ಷದ ಡಿಸೆಂಬರ್ 22ಕ್ಕೆ ಆಕೆ ಹೊರಟುಹೋದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕವಿಗಳ ಪಕ್ಕ ಜಾಗ ಕೇಳೋಣವೆಂದರೆ, ವಿಜ್ಞಾನಿ ಟಿ.ಎಚ್. ಹಕ್ಸ್‌ಲಿಯವರು ಬೇಡ ಎಂದರು. ಆಕೆಯ ಬಾಳು ಚರ್ಚಿನ ನಿಯಮಕ್ಕೆ ಒಗ್ಗಿದ್ದಲ್ಲ ಎಂಬುದು ಅವರ ವಾದದ ತಿರುಳು. ಹೈಗೇಟ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಬೆಯಲ್ಲಿ ಸ್ಮಾರಕ ಕಲ್ಲು ಬಿದ್ದದ್ದು 1980ರಲ್ಲಿ.

ತಾವು ಬಡತನದಲ್ಲೇ, ನಿರ್ಗತಿಕರ ಸರ್ಕಾರಿ ಆಶ್ರಯದಲ್ಲಿ ಕಣ್ಣು ಮುಚ್ಚಿದಿರಿ. ಇದನ್ನು ಬರೆಯುವಾಗ ನನ್ನ ವ್ಯಂಗ್ಯ ಸ್ವಲ್ಪ ಹಿಂಜರಿಯುತ್ತದೆ. ಸುಳ್ಳು ತಮ್ಮದಾದರೂ ಬಡತನ ತಮ್ಮದೇ ಆಗಿತ್ತು. ತಮ್ಮನ್ನು ಲೇಖಕನನ್ನಾಗಿ ಮಾಡಿದವರೂ, ಲೇಖಕನಲ್ಲ ಎಂದು ತಿಳಿದ ಕೂಡಲೇ ಕೈಬಿಟ್ಟವರೂ ಒಂದೇ ಜನ. ಅವರಿಗೆ ಬೇಕಾಗಿದ್ದುದು ಪುಸ್ತಕಕ್ಕೆ ತಕ್ಕ ಒಬ್ಬ ಗಂಡಸು. ತಾವು ಪಂಪಿನ ಬಳಿ ಸಿಕ್ಕಿದಿರಿ.

ಒಂದು ಹೊಸ ಸುದ್ದಿ ತಿಳಿಸಿ ಮುಗಿಸುತ್ತೇನೆ. ತಮ್ಮ ಸಂತತಿ ನಿಂತಿಲ್ಲ, ಅದೂ ಒಳ್ಳೆಯ ಮನಸ್ಸಿನವರ ನಡುವೆಯೇ ಬೆಳೆದಿದೆ. 2020ರಲ್ಲಿ ಇಂಗ್ಲೆಂಡಿನ ಮಹಿಳಾ ಕಾದಂಬರಿ ಪ್ರಶಸ್ತಿಯವರು ಬೇಲೀಸ್ ಎಂಬ ಮದ್ಯದ ಕಂಪನಿಯ ಜೊತೆ ಸೇರಿ, ಗಂಡುಹೆಸರಿನಲ್ಲಿ ಬರೆದ ಹೆಂಗಸರಿಗೆ ಅವರ ನಿಜ ಹೆಸರನ್ನು ಹಿಂದಿರುಗಿಸುತ್ತೇವೆಂದು ಇಪ್ಪತ್ತೈದು ಪುಸ್ತಕಗಳನ್ನು ಹೊರತಂದರು. 'ಮಿಡಲ್‌ಮಾರ್ಚ್' ಮುಖಪುಟದಲ್ಲಿ ಜಾರ್ಜ್ ಎಲಿಯಟ್ ಹೋಗಿ ಮೇರಿ ಆನ್ ಇವಾನ್ಸ್ ಬಂತು. ಆಕೆ ಆ ಕಾದಂಬರಿ ಬರೆಯುವ ಹೊತ್ತಿಗೆ ಕಾಗದಗಳಿಗೆ ಲೂಯಿಸ್ ಎಂದು ಸಹಿ ಹಾಕುತ್ತಿದ್ದರು. ಮಿಸ್ ಇವಾನ್ಸ್ ಎಂದು ಕರೆದ ಗೆಳತಿಯರನ್ನು ತಿದ್ದುತ್ತಿದ್ದರು. ನಿಮ್ಮ ಊರಿನವರು ಆಕೆಯನ್ನು ಕೇಳದೆ ಒಂದು ಹೆಸರು ಹಾಕಿದರು, ಇವರು ಆಕೆಯನ್ನು ಕೇಳದೆ ಇನ್ನೊಂದು ಹಾಕಿದರು.

ಆಕೆಯ ಕುಟುಂಬದ ಹೆಸರು ಹೊತ್ತು ಆಕೆ ಬದುಕಿದ್ದಾಗ ಹೊರಬಂದ ಪುಸ್ತಕ ಒಂದೇ: 1854ರಲ್ಲಿ ಅಚ್ಚಾದ, ಜರ್ಮನ್ ತತ್ವಜ್ಞಾನಿ ಫಾಯರ್‌ಬಾಖ್‌ರ ಗ್ರಂಥದ ಅನುವಾದ. ಅದರಲ್ಲಿರುವುದೂ ಮೇರಿ ಆನ್ ಅಲ್ಲ, ಮರಿಯನ್ ಇವಾನ್ಸ್. ಕಾದಂಬರಿಗಳೆಲ್ಲ ಜಾರ್ಜ್ ಎಲಿಯಟ್ ಅವರವು. ಹೈಗೇಟ್‌ನ ಕಲ್ಲಿನ ಮೇಲೂ ಮೊದಲು ಕೆತ್ತಿರುವುದು ಆ ಹೆಸರನ್ನೇ.

ಇತಿ ತಮ್ಮ ವಿಧೇಯ,
ಒಬ್ಬ ಕನ್ನಡ ಓದುಗ